ಕುಳಿತು ಹೋಗುವವರ ಜೀಪು

ಬೆಳಗಾವಿ ಹತ್ತಿರದ ಪೀರನವಾಡಿಯಲ್ಲಿ ಖಾನಾಪುರ ರಸ್ತೆಗೆ ಮುಖ ಮಾಡಿಕೊಂಡು ನಾಗಲಿಂಗನ ಗ್ಯಾರೇಜು ಇದೆ. ಅದರ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಗ್ಯಾರೇಜಿನ ಒಳಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ವಿಭೂತಿ. ಬೆಳಿಗ್ಗೆ ಕೈಗೆ ಗ್ರೀಸು ಹತ್ತುವ ಮೊದಲು ಹಣೆಗೆ ವಿಭೂತಿ ಹಚ್ಚಿಕೊಳ್ಳುವುದು ಅವನ ರೂಢಿ. ಮಾತು ಕಡಿಮೆ. ಎದುರಿಗಿದ್ದವರು ಅವಸರ ಮಾಡದೆ ಕುಳಿತರೆ ಮಾತ್ರ ಒಂದೊಂದಾಗಿ ಹೇಳುತ್ತಾನೆ. ಹಾಗೆ ಕುಳಿತು ಕೇಳಿದ್ದನ್ನೂ ಕಣ್ಣಾರೆ ಕಂಡದ್ದನ್ನೂ ಬರೆಯುತ್ತಿದ್ದೇನೆ.

ಅವನಿಗೆ ಕಸುಬು ಕಲಿಸಿದವರು ಬಾಳಪ್ಪ. ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ದುಡಿದವರು. ಬಿರುಕು ಬಿಟ್ಟ ಎರಕದ ಮಾಲನ್ನು ಪಾಸು ಮಾಡು ಎಂದು ಮಾಲೀಕ ಹೇಳಿದ ದಿನ ಕೈ ತೊಳೆದುಕೊಂಡು, ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಬಂದರು. ಮತ್ತೆ ಆ ಗೇಟು ದಾಟಲಿಲ್ಲ. ಅಲ್ಲೇ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನಾಗಲಿಂಗನೂ ಅವರ ಹಿಂದೆಯೇ ಎದ್ದು ಬಂದ. ಗ್ಯಾರೇಜು ಹುಟ್ಟಿದ್ದು ಹಾಗೆ.

ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೊಂದು ಬಟ್ಟೆ ಸುತ್ತಿ ಹಿಂದಕ್ಕೆ ಕಟ್ಟಿ ತಲೆ ನಿಲ್ಲಿಸುತ್ತೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗ. ಕುಳಿತಂತೆಯೇ ವಿಮಾನದಲ್ಲಿ, ಅಂದರೆ ಹೂವಿನಿಂದ ಸಿಂಗರಿಸಿದ ಕುರ್ಚಿಯಲ್ಲಿ, ಮೆರವಣಿಗೆ. ಕುಳಿತಂತೆಯೇ ಮಣ್ಣಿಗೆ. ಹೊಲ ಹತ್ತಿರವಿದ್ದರೆ ನಾಲ್ಕು ಹೆಗಲು ಸಾಕು. ಆದರೆ ಬೆಳಗಾವಿಯಲ್ಲಿ ತೀರಿಕೊಂಡು ಖಾನಾಪುರದ ಕಡೆಯ ತಮ್ಮ ಹೊಲದಲ್ಲಿ ಮಣ್ಣಾಗಬೇಕೆನ್ನುವವರು ಏನು ಮಾಡಬೇಕು? ಶವವಾಹನದಲ್ಲಿ ಮಲಗಿಸಿ ಒಯ್ದರೆ, ಅಲ್ಲಿ ಸೆಟೆದ ಮೈಯನ್ನು ಮಡಿಸಿ ಕೂರಿಸುವುದು ಮನೆಯವರು ನೋಡಬಾರದ ಕೆಲಸ.

ಇದಕ್ಕಾಗಿಯೇ ನಾಗಲಿಂಗ ಲೋಂಡಾದಲ್ಲಿ ಕಟ್ಟಿಗೆ ಅಡ್ಡೆಯೊಂದರ ಹಿಂದೆ ಬಿದ್ದಿದ್ದ ಹಳೆಯ ಜೀಪು ಕೊಂಡು ತಂದ. ಅವನಪ್ಪನ ವಯಸ್ಸಿನ ಗಾಡಿ. ಇಂಜಿನು ಬಿಚ್ಚಿ ಕಟ್ಟಿದ, ತುಕ್ಕು ತಿಂದ ತಗಡು ಬದಲಿಸಿದ, ಹಿಂದೆ ತೇಗದ ಕುರ್ಚಿಯೊಂದನ್ನು ಬೋಲ್ಟು ಹಾಕಿ ಕೂರಿಸಿದ. ಮುಂದಿನ ಆಕ್ಸಲ್ಲು, ಅದರ ಮೇಲಿನ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಗಟ್ಟಿಯಾಗಿದ್ದವು. ಅವನ್ನು ಮುಟ್ಟಲಿಲ್ಲ.

ಆ ಜೀಪಿನಲ್ಲಿ ಮೊದಲು ಹೋದವರು ಬಾಳಪ್ಪನವರೇ.

ಖಾನಾಪುರ ದಾಟಿ ಹೊಲದ ದಾರಿಗೆ ಇಳಿದಾಗ ಎಡಗಾಲಿ ಒಂದು ತಗ್ಗಿಗೆ ಬಿತ್ತು. ಹಳೆಯ ಜೀಪಿನಲ್ಲಿ ಮುಂದಿನ ಎರಡು ಗಾಲಿಗಳಿಗೂ ಒಂದೇ ಆಕ್ಸಲ್ಲು. ಒಂದು ಗಾಲಿ ಬಿದ್ದರೆ ಇಡೀ ಗಾಡಿ ವಾಲುತ್ತದೆ. ಹಣೆಯ ಬಟ್ಟೆ ಮೇಲಕ್ಕೆ ಜಾರಿ ಬಾಳಪ್ಪನವರ ತಲೆ ಎದೆಯ ಮೇಲೆ ಬಿತ್ತು. ಲಿಂಗ ಮಡಿಲಿಗೆ ಉರುಳಿತು. ಪಕ್ಕದಲ್ಲಿದ್ದ ಅವರ ಹೆಂಡತಿ ಚಂದ್ರವ್ವ ಎರಡೂ ಕೈಯಿಂದ ಆ ಮುಖವನ್ನು ಎತ್ತಿ ಹಿಡಿದರು. ಹೊಲ ಮುಟ್ಟುವವರೆಗೂ ಬಿಡಲಿಲ್ಲ. ಅಳಲೂ ಇಲ್ಲ. ಇಳಿಯುವಾಗ ಒಂದೇ ಮಾತು ಹೇಳಿದರು.

"ಇವರು ಯಾರ ಮುಂದೂ ತಲಿ ಬಗ್ಗಿಸಿದವರಲ್ಲೋ ನಾಗಪ್ಪಾ."

ಮನೆಗೆ ಬಂದವನೇ ನಾಗಲಿಂಗ ಜೀಪಿಗೆ ತಾಡಪತ್ರಿ ಹೊದಿಸಿದ. ಕೇಳಿಕೊಂಡು ಬಂದವರಿಗೆಲ್ಲ ಗಾಡಿ ಕೆಟ್ಟಿದೆ ಎಂದ. ಗಾಡಿ ಕೆಟ್ಟಿರಲಿಲ್ಲ.

ಮರುವರ್ಷ ಚಂದ್ರವ್ವನವರ ಎದೆ ಸೋತಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಮಗ ಅಮರನಿಗೆ ಹೇಳಿದ್ದನ್ನು ಅವರು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದರು. ಒಂದು ದಿನ ರಿಕ್ಷಾ ಮಾಡಿಕೊಂಡು ಗ್ಯಾರೇಜಿಗೇ ಬಂದರು.

"ಬರ್ರಿ ಅವ್ವಾರ, ಕುಂದರ್ರಿ" ಎಂದು ನಾಗಲಿಂಗನ ಹೆಂಡತಿ ಮನಿಷಾ ಸ್ಟೂಲು ಒರೆಸಿದಳು.

"ಕುಂದ್ರೂ ಮಾತಿಗೇ ಬಂದೀನವ್ವಾ" ಎಂದರು ಚಂದ್ರವ್ವ. ತಾಡಪತ್ರಿಯ ಕಡೆ ಕೈ ಮಾಡಿದರು. "ನಾಗಪ್ಪಾ, ನನ್ನ ಅದರಾಗ ಒಯ್ಯಬೇಕು. ಅವರ ಬಾಜೂಕ. ಆದರ ಅವರಿಗಾದಂಗ ನನಗಾಗಬಾರದು."

"ಹಣಿ ಬಟ್ಟಿ ಇನ್ನಷ್ಟು ಬಿಗದು ಕಟ್ಟಿದರಾತಲ್ಲ?" ಎಂದಳು ಮನಿಷಾ.

"ಬಿಗದು ಕಟ್ಟಾಕ ನಾ ಏನು ಕಳುವು ಮಾಡೀನೇನ? ಹಿಂಡಲಗಾ ಜೇಲಿಗೆ ಒಯ್ಯಾಕತ್ತೀರೇನು ನನ್ನ?"

ಮನಿಷಾ ನಕ್ಕು ಸೆರಗು ಬಾಯಿಗಿಟ್ಟಳು. ನಾಗಲಿಂಗ ನಗಲಿಲ್ಲ. ಚಂದ್ರವ್ವ ಹೋದ ಮೇಲೆ ತಾಡಪತ್ರಿ ತೆಗೆದ.

ಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು: ಒಂದು ಗಾಲಿಯ ಏಳುಬೀಳು ಇನ್ನೊಂದಕ್ಕೆ ತಾಗದಂತೆ ಮಾಡುವ ಇಂಡಿಪೆಂಡೆಂಟ್ ಸಸ್ಪೆನ್ಶನ್. ಹಳೆಯ ಜೀಪುಗಳಿಗೆಂದೇ ಹೊರಗಿನ ವರ್ಕ್‌ಶಾಪುಗಳು ಅದರ ಕಿಟ್ ಮಾಡಿ ಮಾರುತ್ತವೆ. ವಿಚಾರಿಸಿದಾಗ ಎರಡು ಉಳಿದವು. ಒಂದು ಕೊಯಮತ್ತೂರಿನದು, ಮೆತ್ತನೆಯ ಕಾಯಿಲ್ ಸ್ಪ್ರಿಂಗಿನದು. ಇನ್ನೊಂದು ಕೊಲ್ಲಾಪುರದ್ದು, ನೋಡಲು ಒರಟು, ಸ್ಪ್ರಿಂಗೂ ಬಿಗಿ. ಯಾವುದನ್ನು ಹಾಕಿದರೂ ಮುಂದಿನ ಗಾಲಿಗಳಿಗೆ ಇಂಜಿನಿನ ಎಳೆತ ಇಲ್ಲವಾಗುತ್ತದೆ. ಕಾಡಿನ ಕೆಸರಿಗೆ ಆ ಜೀಪು ಮತ್ತೆ ಇಳಿಯುವಂತಿಲ್ಲ. ಪಾಟಾ ಹಿಡಿದಿರುವ ಹಳೆಯ ಕೊಂಡಿಗಳನ್ನು ಚಾಸಿಯಿಂದ, ಗಾಡಿಯ ಉಕ್ಕಿನ ಚೌಕಟ್ಟಿನಿಂದ, ಕತ್ತರಿಸಬೇಕು. ಕತ್ತರಿಸಿದ ಮೇಲೆ ತಪ್ಪಾಯಿತು ಎಂದರೆ, ಮತ್ತೆ ಸರಿಮಾಡುವಷ್ಟು ದಿನ ಚಂದ್ರವ್ವನವರಿಗೆ ಇರಲಿಕ್ಕಿಲ್ಲ.

ಅದಕ್ಕೇ, ಆ ಕಿಟ್‌ಗಳನ್ನು ಆಗಲೇ ಹಾಕಿಸಿಕೊಂಡವರ ಜೀಪುಗಳನ್ನು ಹುಡುಕಿದ. ಕೊಯಮತ್ತೂರಿನ ಕಿಟ್ ಹಾಕಿದ್ದು ಹಿಂಡಲಗಾದಲ್ಲಿ, ಸೈನ್ಯದಿಂದ ನಿವೃತ್ತನಾದ ಗುರುಸಿದ್ದನ ಬಳಿ ಇತ್ತು. ಕೊಲ್ಲಾಪುರದ್ದು ಹಾಕಿದ್ದು ಖಾನಾಪುರದಲ್ಲಿ ಹಂಚಿನ ಭಟ್ಟಿ ನಡೆಸುವ ಈರಣ್ಣನ ಬಳಿ. ಕುರ್ಚಿಯನ್ನು ಆ ಗಾಡಿಗಳಲ್ಲೇ ಕಟ್ಟಿ, ಉಸುಕಿನ ಚೀಲ ಕೂರಿಸಿ ನೋಡಬೇಕೆಂದುಕೊಂಡಿದ್ದ. ಸುದ್ದಿ ಚಂದ್ರವ್ವನವರಿಗೆ ಮುಟ್ಟಿತು.

"ಉಸುಕಿನ ಚೀಲಕ್ಕ ಕುತ್ತಿಗಿ ಇರತೈತೇನೋ? ನಾನಾ ಬರ್ತೀನಿ."

ಅಮರ ಸಿಟ್ಟಾದ. "ನಾಗಣ್ಣಾ, ಉಸಿರಾಡೂ ಮನಷ್ಯಾಳನ್ನ ಹೆಣದ ಕುರ್ಚಿ ಮ್ಯಾಲ ಕುಂಡ್ರಸ್ತೀಯೇನು? ಮಂದಿ ಏನಂದಾರು?"

"ನಮ್ಮೊಳಗ ಸಾವಿಗೆ ಸೂತಕಿಲ್ಲಪಾ" ಎಂದರು ತಾಯಿ. "ಹೋದ ಮ್ಯಾಲ ಕುಂತರ ಹೆಂಗಾತಂತ ಹೇಳಾಕ ನಾ ತಿರುಗಿ ಬರೂದಿಲ್ಲ. ಈಗ ಕುಂತರ ಹೇಳ್ತೀನಿ."

ಅಮರ ಸಿಟ್ಟಿನಲ್ಲೇ ಬ್ಯಾಂಕಿನ ಕೆಲಸಕ್ಕೆ ಹೊರಟುಹೋದ. ಚಂದ್ರವ್ವ ವಾಲಿದರೆ ಹಿಡಿಯಲೆಂದು ನನ್ನನ್ನು ಕರೆದರು.

ಕುರ್ಚಿ ಕಂಡು ಗುರುಸಿದ್ದ ಹಿಂದೆ ಸರಿದ. "ಹೆಣದ ಕುರ್ಚಿ ನನ್ನ ಗಾಡ್ಯಾಗ? ನಾಗ್ಯಾ, ನಿನ್ನ ತಲಿ ನೆಟ್ಟಗೈತೋ ಇಲ್ಲೋ?"

"ಅವನ ತಲಿ ಬಿಡಪಾ" ಎಂದರು ಚಂದ್ರವ್ವ. "ನನ್ನ ತಲಿ ನೆಟ್ಟಗಿರತೈತೋ ಇಲ್ಲೋ ನೋಡಾಕ ಬಂದೀವಿ."

ಗುರುಸಿದ್ದ ಬೀಗದ ಕೈ ಕೊಟ್ಟ.

ಚಂದ್ರವ್ವ ಕುರ್ಚಿಯ ಮೇಲೆ ಕುಳಿತು, ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡರು. ಕಣ್ಣು ಮುಚ್ಚಿ ಕುತ್ತಿಗೆ ಸಡಿಲ ಬಿಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಪೂಜೆಗೆ ಕುಳಿತಾಗ ಇರುವ ಮುಖವೇ ಅದು. ತಗ್ಗುಗಳ ಮೇಲೆ ಆ ಗಾಡಿ ನೀರ ಮೇಲೆ ಹೋದಂತೆ ಹೋಯಿತು. ತಲೆ ಅಲುಗಲಿಲ್ಲ. ಆಯಿತು, ಇದೇ ಎಂದುಕೊಂಡೆ. ಅಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂತು. ನಾಗಲಿಂಗ ಬ್ರೇಕ್ ಹಾಕಿದ. ಮೆತ್ತನೆಯ ಸ್ಪ್ರಿಂಗು ಕುಗ್ಗಿ ಜೀಪಿನ ಮೂಗು ತಗ್ಗಿತು. ಅದರೊಂದಿಗೆ ಚಂದ್ರವ್ವನವರ ತಲೆಯೂ ಮೆಲ್ಲಗೆ, ಯಾರಿಗೋ ಶರಣು ಮಾಡುವಂತೆ, ಮುಂದಕ್ಕೆ ಬಾಗಿತು.

ಅವರು ಕಣ್ಣು ತೆರೆದರು. "ಇದು ರಸ್ತಾ ಮಾಡಿದ್ದಲ್ಲ ತಮ್ಮಾ. ನೀ ಮಾಡಿದ್ದು."

ನಾಗಲಿಂಗ ಗಾಡಿಯನ್ನು ಬದಿಗೆ ನಿಲ್ಲಿಸಿದ. ಅಲ್ಲಿಯವರೆಗೆ ಅವನು ಯೋಚಿಸಿದ್ದೆಲ್ಲ ದಾರಿಯ ತಗ್ಗುಗಳ ಬಗ್ಗೆ. ಗಾಡಿ ನಿಲ್ಲಿಸುವುದರ ಬಗ್ಗೆ ಯೋಚಿಸಿರಲಿಲ್ಲ.

ಈರಣ್ಣನ ಗಾಡಿಯಲ್ಲಿ ಕುಳಿತದ್ದು ಬೇರೆ ದಿನ. ನಡುವೆ ಚಂದ್ರವ್ವ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದರು. ಅವತ್ತು ಕುರ್ಚಿ ಹತ್ತಲು ಇಬ್ಬರು ಹಿಡಿಯಬೇಕಾಯಿತು. ಕೊಲ್ಲಾಪುರದ ಕಿಟ್ ಅಷ್ಟು ಮೆತ್ತಗಿರಲಿಲ್ಲ. ಸಣ್ಣ ಕಲ್ಲುಗಳೆಲ್ಲ ಕಾಲಿಗೆ ತಿಳಿಯುತ್ತಿದ್ದವು. ಆದರೆ ಅದನ್ನು ಮಾಡಿದವರು ಗಾಲಿಯನ್ನು ಚಾಸಿಗೆ ಹಿಡಿದಿಡುವ ಮೇಲಿನ ತೋಳುಗಳನ್ನು ಹಿಂದಕ್ಕೆ ತುಸು ಇಳಿಜಾರಾಗಿ ಕೂರಿಸಿದ್ದರು. ಬ್ರೇಕ್ ಹಿಡಿದಾಗ ಮೂಗು ತಗ್ಗದಿರಲೆಂದೇ ಹಾಗೆ ಎಂದು ನಾಗಲಿಂಗ ಗಾಡಿಯ ಕೆಳಗೆ ಮಲಗಿ, ತೋರಿಸಿ ಹೇಳಿದ. ಒಮ್ಮೆ ಬ್ರೇಕ್ ಹಾಕಿದ. ಇನ್ನೊಮ್ಮೆ ಜೋರಾಗಿ ಹಾಕಿದ. ಚಂದ್ರವ್ವನವರ ಗದ್ದ ಬೆರಳಿನಷ್ಟು ಕೆಳಗಿಳಿದು ಅಲ್ಲೇ ನಿಂತಿತು.

"ಹೆಂಗನಸ್ತು ಅವ್ವಾರ?"

"ಇದು ಒರಟೈತಿ. ಆದರ ಖರೇ ಐತಿ. ನಿಮ್ಮ ಬಾಳಪ್ಪಣ್ಣನಂಗ." ಸ್ವಲ್ಪ ಉಸಿರು ತೆಗೆದುಕೊಂಡು ಹೇಳಿದರು, "ಉಳಿದಷ್ಟು ನಿನ್ನ ಕಾಲಾಗ ಐತಿ. ನನ್ನ ಒಯ್ಯೂ ದಿನ ಬ್ರೇಕ್ ಹಾಕಿದ್ದು ನನಗ ಗೊತ್ತಾಗಬಾರದು ನೋಡು." ಮನೆಗೆ ಹೋಗಿ ಆ ಮಾತನ್ನು ಅಮರನಿಗೂ ಹೇಳಿದರಂತೆ.

ಕೊಲ್ಲಾಪುರದಿಂದ ಕಿಟ್ ಬಂತು. ಚಾಸಿ ಕತ್ತರಿಸುವ ಮೊದಲು ನಾಗಲಿಂಗ ಗೂಡಿನ ಮುಂದೆ ಕೈಮುಗಿದು ನಿಂತ. ಬೆಸುಗೆಯ ಒಂದೊಂದು ಗೆರೆಯನ್ನೂ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ನೋಡಿದ. ಬಾಳಪ್ಪನವರು ಎರಕವನ್ನು ಪರೀಕ್ಷಿಸುತ್ತಿದ್ದದ್ದು ಹಾಗೆಯೇ. ಗಾಡಿ ತಯಾರಾದ ಮೇಲೆ ಕುರ್ಚಿಯ ಮೇಲೆ ತುಂಬಿದ ಕೊಡ ಇಟ್ಟುಕೊಂಡು ದಿನಾ ಖಾನಾಪುರದವರೆಗೆ ಹೋಗಿ ಬರುತ್ತಿದ್ದ. "ಅಗಬಾಯಿ, ನೀರಿಗೆ ಖಾನಾಪುರ ತೋರಿಸಿಗೊಂಡು ಬಂದರು ನಮ್ಮವರು" ಎಂದು ಮನಿಷಾ ಛೇಡಿಸುತ್ತಿದ್ದಳು. ಮೊದಮೊದಲು ಕುರ್ಚಿ ಒದ್ದೆಯಾಗಿರುತ್ತಿತ್ತು. ಬರಬರುತ್ತ ಒಣಗಿಯೇ ಇರತೊಡಗಿತು.

ಶ್ರಾವಣದ ಒಂದು ಬೆಳಿಗ್ಗೆ, ಪೂಜೆ ಮುಗಿಸಿ ಎದ್ದು, ಮತ್ತೆ ಕುಳಿತು, ಚಂದ್ರವ್ವ ಲಿಂಗೈಕ್ಯರಾದರು.

ಜಂಗಮರಾದ ಚನ್ನಬಸಯ್ಯನವರು ಬಂದು ವಿಧಿ ಮಾಡಿ ಅವರನ್ನು ಕುರ್ಚಿಗೆ ಏರಿಸಿದರು. ಅಂಗೈಯಲ್ಲಿ ಲಿಂಗವಿಟ್ಟು, ಅದರ ಮೇಲೊಂದು ಬಿಲ್ವಪತ್ರೆ ಇಟ್ಟರು. ಹಣೆಯ ಬಟ್ಟೆಯನ್ನು ಹಗುರಾಗಿಯೇ ಕಟ್ಟಿದರು. ಪಕ್ಕದಲ್ಲಿ ಅಮರ ಕುಳಿತ. ಹಿಂದಿನ ಗಾಡಿಯಲ್ಲಿ ನಾವು.

ಖಾನಾಪುರಕ್ಕೆ ಸ್ವಲ್ಪ ಮುಂಚೆ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು. ನಾಗಲಿಂಗ ಬಹಳ ದೂರದಿಂದಲೇ ವೇಗ ಇಳಿಸಿದ್ದ. ಜೀಪು ಯಾವಾಗ ನಿಂತಿತೆಂದು ಹಿಂದಿದ್ದ ನಮಗೂ ತಿಳಿಯಲಿಲ್ಲ. ಮಲಪ್ರಭೆಯ ಸೇತುವೆ ದಾಟಿ ಹೊಲದ ದಾರಿಗೆ ಇಳಿದೆವು. ಅದೇ ತಗ್ಗು ಈಗ ಕೆಂಪು ನೀರು ತುಂಬಿ ನಿಂತಿತ್ತು. ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ. ಎಡಗಾಲಿ ನೀರಿಗಿಳಿಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಗಾಲಿ ಮೇಲೆ ಬಂದಿತ್ತು. ಗಾಲಿಯಷ್ಟೇ ಇಳಿದು ಏರಿತ್ತು.

ಹೊಲದಲ್ಲಿ ಬಾಳಪ್ಪನವರ ಗದ್ದುಗೆಯ ಬಳಿ ಜೀಪು ನಿಂತಿತು. ಹಿಂದಿನ ಗಾಡಿಯಲ್ಲಿದ್ದ ನಾವೆಲ್ಲ ಇಳಿದೆವು. ನಾಗಲಿಂಗ ಇಳಿಯಲಿಲ್ಲ. ಹಿಂದೆ ತಿರುಗಿ ನೋಡಲೂ ಇಲ್ಲ. ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಲೇ ಕುಳಿತಿದ್ದ.

ಚನ್ನಬಸಯ್ಯನವರು ಚಂದ್ರವ್ವನವರ ಅಂಗೈ ನೋಡಿದರು. ಲಿಂಗದ ಮೇಲೆ ಬಿಲ್ವಪತ್ರೆ ಇಟ್ಟಂತೆಯೇ ಇತ್ತು. ಅವರು ಅಮರನ ಮುಖ ನೋಡಿದರು.

ಅಮರ ಕೆಳಗಿಳಿದು ಮುಂದಿನ ಬಾಗಿಲ ಹತ್ತಿರ ಬಂದ.

"ನಾಗಣ್ಣಾ, ಬ್ರೇಕ್ ಹಾಕಿದ್ದು ಅವ್ವಗ ಗೊತ್ತಾಗ್ಲಿಲ್ಲ."

ಆಗ ನಾಗಲಿಂಗ ಸ್ಟಿಯರಿಂಗಿನಿಂದ ಕೈ ತೆಗೆದ.