ಸೊಸೆ ಮಾತಾಡಿದ್ದು ಅತ್ತೆಗೆ ಕೇಳಿಸಿದರೆ ಹಾಲ್ ಪಾಸು

ಬೆಳಕು ಈಗಷ್ಟೇ ಹರಿಯುತ್ತಿದೆ. ಹೋಟೆಲಿನ ಎರಡನೇ ಮಹಡಿಯ ಸಭಾಂಗಣದಲ್ಲಿ ಇನ್ನೂ ನೆಲ ಒರೆಸುತ್ತಿದ್ದಾರೆ. ಖಾಲಿ ವೇದಿಕೆಯ ಮೇಲೆ ಕ್ಯಾನ್ವಾಸ್ ಶೂ ತೊಟ್ಟ ಮಹಿಳೆಯೊಬ್ಬರು ನಿಂತಿದ್ದಾರೆ. ಮೈಕು ಆಫ್ ಆಗಿದೆ. ದೂರದಲ್ಲಿ, ಕಟ್ಟಕಡೆಯ ಸಾಲಿನಲ್ಲಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವರ ಅತ್ತೆ ಕೂತಿದ್ದಾರೆ.

"ಅತ್ತೆ, ಹಾಲಿನ ಪಾತ್ರೆ ಮುಚ್ಚಿಟ್ಟು ಬಂದ್ರಾ?" ವೇದಿಕೆಯಿಂದ ಸೊಸೆ ಕೇಳುತ್ತಾರೆ.

"ಮುಚ್ಚಿದೀನಿ. ಗ್ಯಾಸೂ ಆಫ್ ಮಾಡಿದೀನಿ. ಮುಂದಕ್ಕೆ ಹೇಳು."

ಸೊಸೆ ದನಿ ತಗ್ಗಿಸುತ್ತಾರೆ. "ನಿನ್ನೆ ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದು ನೀವೇ ಅಲ್ವಾ?"

"ಅದೂ ಕೇಳಿಸ್ತು. ಹಾಕಿದ್ದು ನಾನಲ್ಲ, ನಿನ್ನ ಗಂಡ."

ನೆಲ ಒರೆಸುತ್ತಿದ್ದವರು ಕೋಲಿಗೆ ಒರಗಿ ನಗುತ್ತಾರೆ. ಹಾಲ್ ಪಾಸಾಯಿತು.

ಕಂಪನಿಗಳು ಮೀಟಿಂಗ್ ನಡೆಸಲು ತಕ್ಕ ಜಾಗ ಹುಡುಕಿಕೊಡುವುದು ಈ ಸೊಸೆಯ ಕಸುಬು. ಹೋಟೆಲಿನವರು, ಮೈಕಿನವರು, ಊಟ ಬಡಿಸುವವರು ಎಲ್ಲರ ಬಾಯಲ್ಲೂ ಅವರು 'ಜಾಗದಕ್ಕ'. ಅತ್ತೆಗೆ ಸಿಕ್ಕಿರುವ ಬಿರುದು 'ಲಾಸ್ಟ್ ಬೆಂಚ್ ಅಜ್ಜಿ'. ಅಜ್ಜಿಗೆ ಒಂದು ಕಿವಿ ಮಂದ, ಎರಡೂ ಮಂಡಿ ನೋವು. ಈ ಕಸುಬಿನಲ್ಲಿ ಅವೇ ಅವರ ಬಂಡವಾಳ. ಅವರಿಗೆ ಕೇಳಿಸಿದರೆ ಎಲ್ಲರಿಗೂ ಕೇಳಿಸುತ್ತದೆ. ಅವರು ಹತ್ತಬಲ್ಲ ಮೆಟ್ಟಿಲನ್ನು ಎಲ್ಲರೂ ಹತ್ತುತ್ತಾರೆ. ಅವರು ಗೊಣಗದೆ ಕೂತ ಕುರ್ಚಿಯಲ್ಲಿ ಯಾವ ಮ್ಯಾನೇಜರೂ ಗೊಣಗುವುದಿಲ್ಲ.

ಇಷ್ಟು ಬೆಳಗ್ಗೆ ಯಾಕೆ ಬರಬೇಕು ಎಂದು ಕೇಳಿದೆ. ಜಾಗದಕ್ಕ ಕಿಟಕಿಯತ್ತ ಕೈ ತೋರಿಸುತ್ತಾರೆ. "ಬಿಸಿಲು ಎಲ್ಲಿಂದ ಬರುತ್ತೆ ಅಂತ ಸಂಜೆ ಬಂದ್ರೆ ಗೊತ್ತಾಗುತ್ತಾ? ಮೀಟಿಂಗು ಶುರುವಾಗೋದು ಬೆಳಗ್ಗೆ. ಪರದೆ ಮೇಲೆ ಬಿಸಿಲು ಬಿದ್ರೆ ಮುಗೀತು. ಪಾಪ, ಅವರು ತಿಂಗಳುಗಟ್ಟಲೆ ಕೂತು ಮಾಡಿದ ಚಿತ್ರ ಒಂದೂ ಕಾಣಲ್ಲ." ಆಮೇಲೆ ಅವರು ಶೌಚಾಲಯದ ಬಾಗಿಲಿನ ಚಿಲಕ ಎಳೆದು ನೋಡುತ್ತಾರೆ. ಎ.ಸಿ. ಹಾಕಿಸಿ, ಅದರ ಗಾಳಿ ನೇರ ಯಾರ ನೆತ್ತಿಗೆ ಹೊಡೆಯುತ್ತದೆ ಎಂದು ಒಂದೊಂದೇ ಸಾಲಿನಲ್ಲಿ ಕೂತು ಏಳುತ್ತಾರೆ. ಊಟದ ಕೋಣೆಗೆ ಹೋಗುವ ಬಾಗಿಲು ಒಂದೇ ಇದ್ದರೆ ಮುಖ ಸಿಂಡರಿಸುತ್ತಾರೆ. "ಹಸಿದವರನ್ನ ಸಾಲಲ್ಲಿ ನಿಲ್ಲಿಸಬಾರದು ನೋಡಿ. ಬೆಳಗ್ಗೆಯಿಂದ ಕಟ್ಟಿದ ಒಗ್ಗಟ್ಟೆಲ್ಲ ಅಲ್ಲೇ ಒಡೆದುಹೋಗುತ್ತೆ."

ಮೊದಲು ಅವರು ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬ್ಯಾನರ್ ಕಟ್ಟಲು ಹೋದಲ್ಲೆಲ್ಲ ಹಾಲ್‌ಗಳ ಗುಣಾವಗುಣ ತಾನಾಗಿ ತಲೆಗೆ ಹತ್ತಿತು. ಅಂಗಡಿ ಬಾಗಿಲು ಹಾಕಿದಾಗ ಪರಿಚಯದ ವಿಮಾ ಕಚೇರಿಯವರೊಬ್ಬರು, "ನಮ್ಮ ಏಜೆಂಟರ ಸಭೆಗೆ ಒಂದು ಜಾಗ ನೋಡಿಕೊಡಮ್ಮಾ" ಎಂದರು. ಅತ್ತೆಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಗಂಡ ಬಸ್ ಡ್ರೈವರ್, ಬೆಳಗಿನ ಪಾಳಿ. ಅತ್ತೆಯನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ, ಜೊತೆಗೇ ಕರೆದೊಯ್ದರು. ಕೂರಿಸಿದ ಕಡೆ ಸುಮ್ಮನೆ ಕೂರುವ ಜೀವ ಅದಲ್ಲ. "ಏನಮ್ಮಾ ಇದು, ಮಾತೆಲ್ಲ ಬಾವಿಯೊಳಗಿಂದ ಬಂದ ಹಾಗಿದೆ" ಎಂದು ಹಿಂದಿನಿಂದ ಕೂಗಿದರು. ಆ ಹಾಲ್ ಬಿಟ್ಟರು. ಅತ್ತೆ ಮಾತ್ರ ಕೆಲಸ ಬಿಡಲಿಲ್ಲ.

ಅಜ್ಜಿಯ ಮಗನದೂ ಒಂದು ಅಹವಾಲು ಇದೆ. "ಮನೇಲಿ ಇವರಿಬ್ಬರೂ ದನಿ ಎತ್ತಿದ್ರೆ ಜಗಳವೋ ಅಭ್ಯಾಸವೋ ಗೊತ್ತೇ ಆಗಲ್ಲ. ನಾನು ಊಟ ಮುಗಿಸಿ ಎದ್ದುಬಿಡ್ತೀನಿ."

ಎಡವಿದ್ದೂ ಉಂಟು. "ಫೋನಲ್ಲೇ ಫೋಟೊ ಸಿಗುತ್ತಲ್ಲ, ನೀವ್ಯಾಕೆ ಬೇಕು?" ಎಂದು ಮುಖಕ್ಕೇ ಕೇಳಿದವರಿದ್ದಾರೆ. ಅಂಥವರೊಬ್ಬರನ್ನು ಹೇಗೋ ಒಪ್ಪಿಸಿ ಕೊಡಿಸಿದ ಹಾಲ್‌ನ ಮೇಲ್ಮಹಡಿಯಲ್ಲಿ ಮಕ್ಕಳಿಗೆ ಡ್ರಮ್ ಕಲಿಸುವ ಶಾಲೆಯಿತ್ತು. ಇವರು ನೋಡಲು ಹೋದ ದಿನ ಶಾಲೆಗೆ ರಜೆ. ಮೀಟಿಂಗಿನ ದಿನ, ದೊಡ್ಡ ಅಧಿಕಾರಿ ಒಂದು ವಾಕ್ಯ ಮುಗಿಸಿದಾಗಲೆಲ್ಲ ಮೇಲಿನಿಂದ ಢಮ್ ಢಮ್. "ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು" ಎನ್ನುತ್ತಾರೆ ಜಾಗದಕ್ಕ. ಆ ಕಂಪನಿ ಮತ್ತೆ ಕರೆಯಲಿಲ್ಲ. ಅಂದಿನಿಂದ ಅತ್ತೆ ಸೊಸೆ ಹಾಲ್‌ನ ಅಕ್ಕಪಕ್ಕದ ಮನೆ, ಅಂಗಡಿಗಳಿಗೂ ಹೋಗಿ, "ಇಲ್ಲಿ ದಿನಾ ಏನು ಸದ್ದು?" ಎಂದು ವಿಚಾರಿಸಿಕೊಂಡೇ ಬರುತ್ತಾರೆ.

ಅವರ ಹೆಸರು ನಾಲ್ಕು ಜನರ ಬಾಯಿಗೆ ಬಿದ್ದದ್ದು ಮಾತ್ರ ಕಳೆದ ವರ್ಷದ ಒಂದು ಪೇಚಿನಿಂದ. ಪಂಪು ತಯಾರಿಸುವ ಕಂಪನಿಯೊಂದು ಪೈಪು ತಯಾರಿಸುವ ಸಣ್ಣ ಕಂಪನಿಯನ್ನು ಕೊಂಡುಕೊಂಡಿತ್ತು. ಎರಡೂ ಕಡೆಯ ನೌಕರರು ಮೊದಲ ಸಲ ಒಟ್ಟಿಗೆ ಸೇರುವ ಸಭೆ. ಯಾರ ಕುರ್ಚಿ ಉಳಿಯುತ್ತದೋ, ಯಾರದು ಹೋಗುತ್ತದೋ ಎಂದು ಪೈಪಿನವರಿಗೆ ದಿಗಿಲು. ಇವರು ನಮ್ಮ ಜಾಗಕ್ಕೆ ಬಂದು ಕೂರುತ್ತಾರೇನೋ ಎಂದು ಪಂಪಿನವರಿಗೆ ಅನುಮಾನ. ಜಾಗದಕ್ಕ ಒಳ್ಳೆಯ ಹೋಟೆಲಿನ ಹಾಲ್ ಗೊತ್ತುಮಾಡಿದ್ದರು. ಸಭೆಯ ಹಿಂದಿನ ದಿನ ಮಧ್ಯಾಹ್ನ, ಆ ಹಾಲ್‌ನ ಮೇಲಿದ್ದ ನೀರಿನ ಪೈಪು ಒಡೆದು ಚಾವಣಿಯ ಹಲಗೆಗಳೆಲ್ಲ ಕುರ್ಚಿಗಳ ಮೇಲೆ ಕುಸಿದವು.

"ಪೈಪು ಒಡೀತು ಅಂತ ಪೈಪಿನ ಕಂಪನಿಗೆ ಹೇಗೆ ಹೇಳೋದು ಅಂತ ಅದೊಂದು ಬೇರೆ ಸಂಕಟ" ಎಂದು ಈಗ ಅವರು ನಗುತ್ತಾರೆ. ಆವತ್ತು ನಗು ಇರಲಿಲ್ಲ. ಬೇರೆ ಊರಿನವರು ಆಗಲೇ ಹೊರಟಾಗಿತ್ತು. ಅತ್ತೆಯನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿದರು. ಒಂದು ಕಡೆ ಮೊದಲೇ ಬುಕ್ ಆಗಿದೆ, ಇನ್ನೊಂದು ಕಡೆ ಬಣ್ಣ ಹೊಡೆಯುತ್ತಿದ್ದಾರೆ, ಮತ್ತೊಂದು ಅರ್ಧ ಜನಕ್ಕೂ ಸಾಲದು. ಅಜ್ಜಿಯ ಮಂಡಿ ಮುಷ್ಕರ ಹೂಡಿತು. "ನನ್ನನ್ನ ಆ ಸೋಫಾ ಅಂಗಡೀಲಿ ಇಳಿಸಿಬಿಡು, ಸ್ವಲ್ಪ ಹೊತ್ತು ಕೂತಿರ್ತೀನಿ" ಎಂದರು. ಪೇಟೆಗೆ ಬಂದಾಗಲೆಲ್ಲ ಅಲ್ಲಿ ಕೂತು ದಣಿವಾರಿಸಿಕೊಳ್ಳುವುದು ಅವರ ರೂಢಿ. ಅಂಗಡಿಯ ಯಜಮಾನರಿಗೂ ಅದು ಹೊಸದಲ್ಲ. ಅಜ್ಜಿ ಎಂದೂ ಏನನ್ನೂ ಕೊಂಡಿಲ್ಲ, ಯಜಮಾನರೆಂದೂ ಬೇಡ ಎಂದಿಲ್ಲ.

ಸೊಸೆ ಫೋನಿನಲ್ಲಿ ಒಂದೊಂದೇ ಹಾಲ್‌ನವರನ್ನು ಬೇಡಿಕೊಳ್ಳುತ್ತಿದ್ದರೆ ಅತ್ತೆ ಮೆತ್ತಗೆ ಕೂತು ಸುತ್ತ ನೋಡಿದರು. ಸಾಲು ಸಾಲು ಸೋಫಾ, ಊಟದ ಮೇಜುಗಳು, ಮಂಚ, ಆರಾಮ ಕುರ್ಚಿ.

"ಅಲ್ಲ ಕಣೇ, ಇಲ್ಲಿರೋಷ್ಟು ಕುರ್ಚಿ ಇನ್ಯಾವ ಹಾಲಲ್ಲಿದೆ?"

"ಅತ್ತೆ, ತಮಾಷೆ ಮಾಡೋ ಹೊತ್ತಾ ಇದು?" ಎಂದವರು ಫೋನನ್ನು ಕಿವಿಯಿಂದ ಇಳಿಸಿ ಅಲ್ಲೇ ನಿಂತುಬಿಟ್ಟರು. ಆಮೇಲೆ ಗಲ್ಲಾದ ಬಳಿ ಹೋಗಿ, ಮೆಲ್ಲಗೆ, "ಅತ್ತೆ, ಮಂಡಿ ಹೇಗಿದೆ?" ಎಂದರು.

ಹಾಸಿಗೆಗಳ ಆಚೆಯಿಂದ ಉತ್ತರ ಬಂತು. "ಕೂತ ಮೇಲೆ ಪರವಾಗಿಲ್ಲ."

ಅಷ್ಟು ಮೆತ್ತೆಗಳ ನಡುವೆ ಪ್ರತಿಧ್ವನಿಗೆ ಜಾಗವೇ ಇರಲಿಲ್ಲ. ಮರುದಿನ ಅಂಗಡಿಗೆ ವಾರದ ರಜೆ. ಯಜಮಾನರು ತಲೆ ಕೆರೆದುಕೊಂಡು ಒಪ್ಪಿದರು, ಎರಡು ಷರತ್ತಿನ ಮೇಲೆ: ಸೋಫಾ ಹತ್ತಿರ ಕಾಫಿ ತರಕೂಡದು, ಪ್ಲಾಸ್ಟಿಕ್ ಹೊದಿಕೆ ತೆಗೆಯಕೂಡದು. ಪಂಪಿನ ಕಂಪನಿಯ ಸೆಕ್ರೆಟರಿ ಫೋನಿನಲ್ಲಿ ಬೆವೆತರು. "ಸೋಫಾ ಅಂಗಡಿ ಅಂತ ನಮ್ಮ ಎಂ.ಡಿ.ಯವರಿಗೆ ಯಾವ ಬಾಯಲ್ಲಿ ಹೇಳಲಿ?"

"ಶೋರೂಮ್ ಅಂತ ಹೇಳಿ" ಎಂದರು ಜಾಗದಕ್ಕ.

ಮರುದಿನ ಬೆಳಗ್ಗೆ ಪಂಪಿನವರು ಬಾಗಿಲ ಎಡಕ್ಕೆ, ಪೈಪಿನವರು ಬಲಕ್ಕೆ ಗುಂಪಾಗಿ ನಿಂತಿದ್ದರು. ಒಳಗೆ ಬಂದರೆ ಬಿಡಿ ಕುರ್ಚಿಗಳು ಕಡಿಮೆ, ಮೂವರು ಕೂರುವ ಸೋಫಾಗಳೇ ಹೆಚ್ಚು. ಬೇಡವೆಂದರೂ ಪಕ್ಕದಲ್ಲಿ ಯಾರೋ ಬಂದು ಕೂರಲೇಬೇಕು. ಎಂ.ಡಿ. ಬಂದರು. ಸುತ್ತ ಕಣ್ಣಾಡಿಸಿದರು. ಜಾಗದಕ್ಕ ಕಪಾಟಿನ ಮರೆಗೆ ಸರಿದರು. "ನನ್ನ ಎದೆ ಬಡಿತ ಹೊರಗಿನವರಿಗೆ ಕೇಳಿಸ್ತಿತ್ತೋ ಏನೋ" ಎನ್ನುತ್ತಾರೆ. ಎಂ.ಡಿ. ನೆಟ್ಟಗೆ ಹೋಗಿ ತೂಗುವ ಕುರ್ಚಿಯಲ್ಲಿ ಕೂತರು. ಒಮ್ಮೆ ಹಿಂದೆ, ಒಮ್ಮೆ ಮುಂದೆ ತೂಗಿಕೊಂಡು, "ಇದರ ಬೆಲೆ ಎಷ್ಟು?" ಎಂದರು.

ಇಡೀ ಅಂಗಡಿ ನಕ್ಕಿತು. ನಕ್ಕ ರಭಸಕ್ಕೆ ಸೋಫಾಗಳ ಪ್ಲಾಸ್ಟಿಕ್ಕೆಲ್ಲ ಚರಪರ ಎಂದಿತು, ಆ ಸದ್ದಿಗೆ ಮತ್ತೊಮ್ಮೆ ನಕ್ಕರು. ಯಾರ ಕೆಲಸವೂ ಹೋಗುವುದಿಲ್ಲ ಎಂದು ಎಂ.ಡಿ. ಹೇಳಿದ್ದು ಆ ನಗುವಿನ ಬೆನ್ನಿಗೇ. ಮಧ್ಯಾಹ್ನ ಮೇಜುಗಳ ಸುತ್ತ ಕೂತು ಮನೆಯವರಂತೆ ಉಂಡರು. ಪೈಪಿನ ಲೆಕ್ಕಿಗರೊಬ್ಬರಿಗೆ ಮದುವೆ ಗೊತ್ತಾಗಿತ್ತು, ಪಂಪಿನ ಫಿಟ್ಟರ್‌ಗಳು ನಾಲ್ಕು ಜನ ಸೇರಿ ಅವರಿಗೆ ಮಂಚ ಆರಿಸಿಕೊಟ್ಟರು.

"ಆವತ್ತಿನ ಭಾಷಣ ಅರ್ಧ ಮರೆತಿದೀನಿ" ಎನ್ನುತ್ತಾರೆ ಆ ಸೆಕ್ರೆಟರಿ. "ಆದ್ರೆ ನನ್ನ ಸೋಫಾದಲ್ಲಿ ಪಕ್ಕ ಕೂತಿದ್ದ ಪೈಪಿನ ಕಂಪನಿಯವರು ಈಗ ನಂಗೆ ಅಕ್ಕ ಇದ್ದ ಹಾಗೆ."

ಅಲ್ಲಿಂದೀಚೆಗೆ ಜಾಗದಕ್ಕನಿಗೆ ಬಿಡುವಿಲ್ಲ. ವಾರದಲ್ಲಿ ನಾಲ್ಕೈದು ಹಾಲ್ ನೋಡುತ್ತಾರೆ. ಗ್ರಂಥಾಲಯದ ಓದುಕೋಣೆ, ಈಜುಕೊಳದ ಪಕ್ಕದ ಬಯಲು, ನಿಂತುಹೋದ ಚಿತ್ರಮಂದಿರ, ಯಾವುದನ್ನೂ ಒಳಹೊಕ್ಕು ನೋಡದೆ ಬಿಡುವುದಿಲ್ಲ.

ಮುಂದಿನ ಆಸೆ ಏನು ಎಂದು ಕೇಳಿದೆ. ಜಾಗದಕ್ಕ ಅತ್ತೆಯ ಮುಖ ನೋಡಿ ನಕ್ಕರು. ಬಟ್ಟೆ ಕಂಪನಿಯೊಂದು ಮೂರು ಜಾಗಗಳ ಹೆಸರು ಕೊಟ್ಟು, ಯಾವುದು ವಾಸಿ ನೋಡಿ ಎಂದಿದೆಯಂತೆ. ಅದರಲ್ಲಿ ಒಂದು ಸಮುದ್ರದ ದಂಡೆಯಲ್ಲಿದೆ. ಅಜ್ಜಿ ಈವರೆಗೆ ಸಮುದ್ರ ನೋಡಿಲ್ಲ.

"ನಾನು ಮೊದಲೇ ಹೇಳಿದೀನಿ" ಎನ್ನುತ್ತಾರೆ ಸೊಸೆ. "ಅತ್ತೆಗೆ ಇಷ್ಟ ಅಂತ ಆ ಜಾಗಾನ ಒಪ್ಪಿಸೋಕಾಗಲ್ಲ. ಅಲೆ ಸದ್ದಿಗೆ ಮಾತು ಕೇಳಿಸದೆ ಹೋದ್ರೆ ಬೇಡ ಅಂತಲೇ ಹೇಳೋದು."

"ಹೇಳಮ್ಮ, ಯಾರು ಬೇಡ ಅಂದ್ರು?" ಅಜ್ಜಿ ಊರುಗೋಲು ಊರಿ ಏಳುತ್ತಾರೆ. ನನ್ನತ್ತ ತಿರುಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸುತ್ತಾರೆ. "ಆದ್ರೆ ನೋಡಪ್ಪಾ, ಬೇಡ ಅನ್ನೋಕಾದ್ರೂ ಒಂದ್ಸಲ ಹೋಗಿ ನೋಡ್ಲೇಬೇಕಲ್ಲ."