ಜೇಬಿನಲ್ಲಿದ್ದ ಎಡಗೈ

ನನ್ನ ತಮ್ಮ ಜಂಬದ ಕೋಳಿ. ಈ ಮಾತನ್ನು ಅವನ ಮುಖಕ್ಕೇ ಹೇಳಿದ್ದೇನೆ, ಅವನ ಹೆಂಡತಿಯ ಎದುರಿಗೂ ಹೇಳಿದ್ದೇನೆ, ಬರೆಯುವುದಕ್ಕೆ ಹಿಂಜರಿಕೆಯೇನಿಲ್ಲ. ಬರೀ ಜಂಬವಾಗಿದ್ದರೆ ಸಹಿಸಬಹುದಿತ್ತು. ಅವನಿಗೆ ಭಯವೆನ್ನುವುದೇ ಇರಲಿಲ್ಲ. ಭಯವಿಲ್ಲದ ಮನುಷ್ಯ ತಾನು ಹಾಳಾದರೆ ಅದು ಅವನ ಹಣೆಬರಹ. ಅವನನ್ನು ನೋಡಿ ಕಲಿಯುವ ಮಕ್ಕಳ ಗತಿಯೇನು?

ನಮ್ಮ ಬೀದಿಯ ಕೊನೆಯಲ್ಲಿ ಬಾಗಿಲಿನ ಕೀಲುಗಳನ್ನು ಮಾಡುವ ಸಣ್ಣ ಕಾರ್ಖಾನೆಯಿದೆ. ತಮ್ಮ ಅಲ್ಲಿ ಪ್ರೆಸ್ ನಡೆಸುತ್ತಿದ್ದ. ಆಳೆತ್ತರದ ಹಳೆಯ ಯಂತ್ರ. ಮೇಲಿನಿಂದ ಅಚ್ಚು ಧಡ್ಡೆಂದು ಇಳಿದು ತಗಡನ್ನು ಕತ್ತರಿಸುತ್ತದೆ. ಯಂತ್ರದ ಮುಂದೆ ಎಡಕ್ಕೊಂದು ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದಾಗ ಅಚ್ಚಿನ ಕೆಳಗೆ ಸಿಕ್ಕಿಕೊಳ್ಳಲು ಮೂರನೆಯ ಕೈ ಯಾರಿಗೂ ಇಲ್ಲವಲ್ಲ. ಇಡೀ ಯಂತ್ರದಲ್ಲಿ ಬುದ್ಧಿಯಿದ್ದ ಭಾಗ ಅದೊಂದೇ.

ತಮ್ಮ ಆ ಬುದ್ಧಿಯನ್ನು ಒಂದು ಮರದ ಬೆಣೆಯಿಂದ ಕೆಡಿಸಿದ್ದ. ಎಡಗುಂಡಿಯನ್ನು ಒತ್ತಿ, ಅದು ಮೇಲೇಳದಂತೆ ಸಂದಿಗೆ ಬೆಣೆ ಸಿಕ್ಕಿಸಿ, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಬಿಡುತ್ತಿದ್ದ. ಆಮೇಲೆ ಎಲ್ಲವೂ ಬಲಗೈಯದೇ. ತಗಡು ಇಡುವುದು, ಗುಂಡಿ ಒತ್ತುವುದು, ತುಂಡನ್ನು ಎಳೆಯುವುದು. ಪಕ್ಕದ ಗೋದಾಮಿಗೆ ಬಂದ ಲಾರಿಯವರೂ ನಿಂತು ನೋಡುವಷ್ಟು ವೇಗ. ಕಾರ್ಖಾನೆಯಲ್ಲಿ ಅವನಿಗೆ ‘ಒಂಟಿಗೈ ಸರದಾರ’ ಎಂದು ಹೆಸರು. ನನ್ನ ಮನೆಯಲ್ಲಿ ಸೂಜಿಗೆ ದಾರ ಪೋಣಿಸಿಕೊಡುವವನೂ ಅವನೇ. ಆಗ ಎಡಗೈ ಎಲ್ಲರ ಕೈಯಂತೆ ಕೆಲಸ ಮಾಡುತ್ತಿತ್ತು. ಪ್ರೆಸ್ಸಿನ ಮುಂದೆ ಮಾತ್ರ ಅದಕ್ಕೆ ರಾಜಮರ್ಯಾದೆ.

ಈ ಠೀವಿ ಶುರುವಾದದ್ದು ಅವನಿಗೆ ಮೂವತ್ತಾಗುವ ಮೊದಲು. ಅಚ್ಚು ಬದಲಿಸುವಾಗ ಜೊತೆಗಾರನೊಬ್ಬನ ಕೈ ಅದಕ್ಕೆ ಸಿಕ್ಕಿತ್ತು. ಬಿಡಿಸಿದವನು ತಮ್ಮನೇ. ಆ ಸಂಜೆ ನಮ್ಮ ಮನೆಗೆ ಬಂದು, ಬಚ್ಚಲಲ್ಲಿ ಅಂಗಿಯ ತೋಳು ತೊಳೆದು, ಹೊಟ್ಟೆ ತುಂಬ ಉಂಡ. “ಅವನಿಗೆ ಗಮನ ಇರ್ಲಿಲ್ಲ ಅಕ್ಕ, ಅಷ್ಟೇ” ಎಂದ. ಇವನ ಎದೆಯಲ್ಲಿರುವುದು ಕಲ್ಲು ಎಂದುಕೊಂಡೆ. ಕೆಲವು ವಾರಗಳಲ್ಲಿ ಬೆಣೆಯೂ ಬಂತು, ಕೈ ಜೇಬಿಗೂ ಹೋಯಿತು.

ಇದೆಲ್ಲ ನನಗೆ ಸಂಬಂಧವಿಲ್ಲದ ವಿಷಯವಾಗಿಯೇ ಉಳಿಯುತ್ತಿತ್ತು, ನನ್ನ ಮಗಳ ಮಗಳು ನನ್ನ ಜೊತೆ ಇರಲು ಬಾರದಿದ್ದರೆ. ಕಾಲೇಜಿಗೆಂದು ಬಂದವಳು. ಎರಡನೇ ವರ್ಷಕ್ಕೆ ಪುಸ್ತಕ ಮಡಚಿಟ್ಟಳು.

“ಪ್ರೆಸ್ ಕಲೀತೀನಿ ಅಜ್ಜಿ.”

“ಓದು?”

“ಓದಿದವರನ್ನ ಯಾರು ನಿಂತು ನೋಡ್ತಾರೆ? ಚಿಕ್ಕಜ್ಜನ್ನ ನೋಡೋಕೆ ರಸ್ತೇಲಿ ಜನ ನಿಲ್ತಾರೆ.”

“ಚರಂಡಿಗೆ ಬಿದ್ದವರನ್ನೂ ನಿಂತು ನೋಡ್ತಾರೆ ಕಣೆ.”

ನಕ್ಕಳು, ಆದರೆ ಕಾಲೇಜಿಗೆ ಹೋಗಲಿಲ್ಲ. ಕೈಕೆಲಸದ ಬಗ್ಗೆ ನನಗೆ ತಾತ್ಸಾರವಿಲ್ಲ. ನನ್ನ ಹೆದರಿಕೆಯೇ ಬೇರೆ. ನಾನು ಬಹಳ ಕಾಲ ಭೌತಶಾಸ್ತ್ರ ಕಲಿಸಿದವಳು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಮೇಷ್ಟರಾದರು. ನನ್ನ ಲೆಕ್ಕಗಳನ್ನು ಮರೆತಿದ್ದರು. ನಾನು ಸೀಮೆಸುಣ್ಣ ಹಿಡಿಯುವ ರೀತಿಯನ್ನು ಮಾತ್ರ ಎಲ್ಲರೂ ಉಳಿಸಿಕೊಂಡಿದ್ದರು. ಮೆಚ್ಚಿದವರಿಂದ ನಾವು ಮೊದಲು ಕಲಿಯುವುದು ಅಗ್ಗದ್ದನ್ನು.

ಮೊಮ್ಮಗಳೂ ಹಾಗೆಯೇ. ಮೊದಲು ಅವನ ನಡಿಗೆ ಬಂತು. ಆಮೇಲೆ ಮಾತಿನ ಮಧ್ಯೆ ಹುಬ್ಬೇರಿಸುವುದು. ಆಮೇಲೆ, ಅಡುಗೆಮನೆಯಲ್ಲಿ ತಟ್ಟೆ ಜೋಡಿಸುವಾಗಲೂ ಎಡಗೈ ಜೇಬಿನಲ್ಲಿ. ಒಂದು ದಿನ ಅವಳ ಕೆಲಸದ ಬಟ್ಟೆ ಒಗೆಯಲು ಹಾಕುವಾಗ ಜೇಬಿನಿಂದ ಏನೋ ಕಲ್ಲಿನ ಮೇಲೆ ಬಿತ್ತು. ಮರದ ಬೆಣೆ. ಉಜ್ಜಿ ಉಜ್ಜಿ ನುಣುಪು ಮಾಡಿದ್ದಳು. ತುದಿಯಲ್ಲಿ ಸಣ್ಣದೊಂದು ಹೂವನ್ನೂ ಕೆತ್ತಿದ್ದಳು.

ತಮ್ಮನಿಗೆ ಅವನ ಬೆಣೆ ಈವರೆಗೆ ಕೇಡು ಮಾಡದಿದ್ದುದು ಅವನ ಎಡಗೈ ಜೇಬು ಬಿಟ್ಟು ಕದಲುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಕಲಿಯುವವಳ ಕೈ ಅಲ್ಲಿ ಎಷ್ಟು ಹೊತ್ತು ನಿಂತೀತು? ತಗಡು ಕೊಂಚ ಸೊಟ್ಟಗಾದರೆ, ಸರಿಮಾಡಲು ಅದು ತಾನಾಗಿಯೇ ಹೊರಬರುತ್ತದೆ. ಅಷ್ಟರಲ್ಲಿ ಬಲಗೈ ಗುಂಡಿ ಒತ್ತಿರುತ್ತದೆ.

ಅಂದೇ ತಮ್ಮನನ್ನು ಕರೆಸಿ ಬೆಣೆಯನ್ನು ಮುಂದಿಟ್ಟೆ.

“ಏನೋ ಇದು?”

“ಅವಳೇ ಕೆತ್ಕೊಂಡಿರೋದು. ನಾನು ಕೊಟ್ಟಿಲ್ಲ.” ತಿರುಗಿಸಿ ನೋಡಿದ. “ಪರವಾಗಿಲ್ಲ, ಕೈ ಚೆನ್ನಾಗಿದೆ.”

“ಆ ಕೈ ಇರಬೇಕು ಅಂತಾನೇ ನಿನ್ನ ಕರೆಸಿರೋದು.”

“ಬೆಣೆ ಹಾಕ್ಬೇಡಿ ಅಂತ ಕಲಿಯೋ ಹುಡುಗರಿಗೆಲ್ಲ ದಿನಾ ಬಡ್ಕೊತೀನಿ ಅಕ್ಕ. ಕೇಳು ಬೇಕಾದ್ರೆ.”

“ನಿನ್ನ ಬೆಣೆ ಹಾಕ್ಕೊಂಡೇ ಬಡ್ಕೊತೀಯೇನೋ?”

“ನಂದು ಬೇರೆ.”

“ನಿನ್ನದನ್ನ ಕಿತ್ತು ಬಿಸಾಕು. ಎರಡು ಕೈಲಿ ಕೆಲಸ ಮಾಡು. ಅವಳು ತಾನಾಗೇ ಬಿಡ್ತಾಳೆ.”

ಅವನು ನೀರು ಕೇಳಿದ, ಕುಡಿದ, ಎದ್ದು ಹೋದ. ಜನರ ಮೆಚ್ಚುಗೆಯನ್ನು ಬಿಡಲಾರ ಎಂದುಕೊಂಡೆ. ಬೆಣೆಯನ್ನು ಒಲೆಗೆ ಹಾಕಿದೆ. ಅವಳು ಇನ್ನೊಂದು ಕೆತ್ತಿಕೊಂಡಳು.

ಆಮೇಲಿನ ದಿನಗಳನ್ನು ನಾನು ಕಿವಿಯಲ್ಲೇ ಕಳೆದೆ. ನಮ್ಮ ಅಡುಗೆಮನೆಯ ಕಿಟಕಿಗೆ ಕಾರ್ಖಾನೆಯ ಸದ್ದು ನೇರವಾಗಿ ಬರುತ್ತದೆ. ಎರಡು ಕೈಯವರ ಪ್ರೆಸ್ ಧಡ್ ಎಂದು, ಉಸಿರು ತೆಗೆದುಕೊಂಡು, ಮತ್ತೆ ಧಡ್ ಎನ್ನುತ್ತದೆ. ತಮ್ಮನದು ಓಡುವ ಕುದುರೆ. ಮೂರನೆಯ ಸದ್ದೊಂದಿತ್ತು: ಕುದುರೆಯ ಹಿಂದೆ ಎಡವುತ್ತ ಓಡುವಂಥದು. ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ದಿನದಿಂದ ದಿನಕ್ಕೆ ಅದರ ಎಡವುವಿಕೆ ಕಡಿಮೆಯಾಗಿ ವೇಗ ಏರುತ್ತಿತ್ತು. ನನ್ನ ಜೀವ ಬಾಯಿಗೆ ಬರುತ್ತಿದ್ದುದು ಅದಕ್ಕೇ. ಹಾಲು ಉಕ್ಕಿದರೆ ಒಲೆಯ ಕಡೆಗೆ ತಿರುಗುತ್ತಿರಲಿಲ್ಲ; ಆ ಸದ್ದು ನಿಂತರೆ ಕಿಟಕಿಯ ಕಡೆಗೆ ತಿರುಗುತ್ತಿದ್ದೆ. ನಿಂತದ್ದು ಮತ್ತೆ ಶುರುವಾಗುವವರೆಗೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಿಂತದ್ದು ಶುರುವಾಗಲಿಲ್ಲ. ಉಳಿದ ಪ್ರೆಸ್ಸುಗಳೂ ಒಂದೊಂದಾಗಿ ನಿಂತವು.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬೀದಿ ನನಗೆ ಎಂದೂ ಅಷ್ಟು ಉದ್ದವಾಗಿ ಕಂಡಿರಲಿಲ್ಲ. ಸೈಕಲ್ ಅಂಗಡಿಯವನು “ಏನು ಟೀಚರಮ್ಮ, ಓಡ್ತಿದೀರಿ?” ಎಂದ. ಓಡುತ್ತಿದ್ದೇನೆಂದು ಆಗಲೇ ತಿಳಿದದ್ದು. ಅವಳ ತಾಯಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸು ಆಗಲೇ ಜೋಡಿಸುತ್ತಿತ್ತು. ಎಡಗೈ ಎನ್ನಬೇಕೋ ಬೆರಳು ಎನ್ನಬೇಕೋ ಎಂದು ಅಳೆಯುತ್ತಿತ್ತು.

ಒಳಗೆ ನಗು ಕೇಳಿಸಿತು.

ಕಲಿಯುವ ಹುಡುಗ ಹುಡುಗಿಯರೆಲ್ಲ ನನ್ನ ಮೊಮ್ಮಗಳ ಸುತ್ತ ನಿಂತಿದ್ದರು. ಅವಳು ಎಡಗೈಯ ಗವಸನ್ನು ಎತ್ತಿ ಹಿಡಿದಿದ್ದಳು. ಗವಸಿನ ನಡುಬೆರಳಿನ ತುದಿ ಇರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿ ಹೋಗಿತ್ತು. ಒಳಗಿದ್ದ ಬೆರಳು ಹಾಗೆಯೇ ಇತ್ತು. ಕೂದಲೆಳೆಯ ಅಂತರ.

“ಒಂದು ಚೂರು ತಾಗಿಲ್ಲ ಅಜ್ಜಿ! ನೋಡು!” ಮುಖ ಹೊಳೆಯುತ್ತಿತ್ತು. “ಚಿಕ್ಕಜ್ಜ, ನಾನೂ ಹೆದರಲಿಲ್ಲ.”

“ಸರದಾರನ ಮೊಮ್ಮಗಳಲ್ವಾ!” ಎಂದ ಒಬ್ಬ ಹುಡುಗ. “ಆ ಗವಸು ನಂಗೆ ಕೊಡೇ, ತೂಗು ಹಾಕ್ಕೊತೀನಿ.”

“ನಿನ್ನದನ್ನ ನೀನೇ ಕತ್ತರಿಸ್ಕೋ,” ಎಂದಳು ಇನ್ನೊಬ್ಬಳು. ಮತ್ತೆ ನಗು.

ಮೇಸ್ತ್ರಿ ಬೈಯುತ್ತ ಬಂದ. “ಲೇ, ಹೋದ ಬೆರಳಿಗೆ ಅಂಗಡೀಲಿ ಬದಲಿ ಸಿಗಲ್ಲ ಕಣ್ರೋ!” ಆ ಮಾತಿಗೂ ನಕ್ಕರು. ಮೇಸ್ತ್ರಿಯನ್ನು ನೋಡಿ ಕಲಿಯಲು ಅವರಲ್ಲಿ ಯಾರೂ ಬಂದಿರಲಿಲ್ಲ. ಅವರು ತಮ್ಮನ ಕಡೆ ನೋಡುತ್ತಿದ್ದರು, ಅವನೂ ನಗಲೆಂದು.

ತಮ್ಮ ತನ್ನ ಪ್ರೆಸ್ಸಿನ ಮುಂದೆ ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ನನ್ನನ್ನು ಒಮ್ಮೆ ನೋಡಿದ. ಆಮೇಲೆ ಬಾಗಿ, ತನ್ನ ಎಡಗುಂಡಿಯ ಬೆಣೆಯನ್ನು ಕಿತ್ತ. ಬಹಳ ವರ್ಷ ಅಲ್ಲೇ ಇದ್ದದ್ದು ಸುಲಭವಾಗಿ ಬರಲಿಲ್ಲ. ಎರಡು ಸಲ ಎಳೆಯಬೇಕಾಯಿತು.

“ಇಲ್ಲಿ ಬನ್ನಿ ಎಲ್ಲಾ,” ಎಂದ.

ಬಂದರು. ಅವನು ಬಲಗೈಯಿಂದ ಅಚ್ಚಿನ ಕೆಳಗೆ ತಗಡು ಇಟ್ಟು, ಆ ಕೈಯನ್ನು ಬಲಗುಂಡಿಯ ಮೇಲಿಟ್ಟ. ಎಡಗೈಯನ್ನು ಜೇಬಿನಿಂದ ಹೊರತೆಗೆದ.

ಕೈ ನಡುಗುತ್ತಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ, ಗಾಳಿಗೆ ಸಿಕ್ಕ ಎಲೆಯಂತೆ. ನನ್ನ ಸೂಜಿಗೆ ದಾರ ಪೋಣಿಸುತ್ತಿದ್ದ ಅದೇ ಕೈ. ಅದನ್ನು ಗುಂಡಿಯ ಮೇಲೆ ಇಡಲು ಹೋದ, ಜಾರಿತು. ಮತ್ತೆ ಇಟ್ಟ. ಗುಂಡಿಯ ಮೇಲಿನ ಸಡಿಲ ತಗಡಿನ ಟೋಪಿ ಟಕಟಕ ಎನ್ನತೊಡಗಿತು. ಯಾರೂ ನಗಲಿಲ್ಲ.

“ಚಿಕ್ಕಜ್ಜ, ಏನಾಯ್ತು?” ಮೊಮ್ಮಗಳ ದನಿ ಸಣ್ಣಗಾಗಿತ್ತು.

“ಏನೂ ಆಗಿಲ್ಲ. ಇದರ ಮುಂದೆ ನಿಂತ್ರೆ ದಿನಾ ಹಿಂಗೇ,” ಎಂದ. “ನೋಡ್ಕೊಳ್ಳಿ. ಇದನ್ನೂ ಕಲೀರಿ.”

ಟಕಟಕ ನಿಲ್ಲಲಿಲ್ಲ. ಅವನು ಕೈಯನ್ನು ಹಿಂತೆಗೆಯಲೂ ಇಲ್ಲ. ಎರಡು ಗುಂಡಿಗಳನ್ನೂ ಒತ್ತಿ, ಅಚ್ಚು ಇಳಿದು ಮತ್ತೆ ಮೇಲೇರುವವರೆಗೆ ಹಾಗೆಯೇ ನಿಂತಿದ್ದ. ಆಮೇಲೆ ಇನ್ನೊಂದು ತಗಡು ತೆಗೆದುಕೊಂಡ.