ಮೆಂಬರ್ ನಲವತ್ತೆಂಟರ ಅಭಿಪ್ರಾಯ

ಯಶವಂತಪುರದ ಹಳೆ ಪೇಪರ್ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ದೆವ್ವದ ಕಾದಂಬರಿಯೊಂದನ್ನು ಎತ್ತಿಕೊಂಡು ಕೊನೆಯ ಪುಟ ತಿರುಗಿಸಿದರೆ, ಅಲ್ಲಿ ಪೆನ್ಸಿಲ್ಲಿನಲ್ಲಿ ನನ್ನದೇ ಕೈಬರಹ: ‘ಸುಮಾರಾಗಿದೆ. ಒಂಚೂರೂ ಹೆದರಿಕೆ ಆಗಲ್ಲ. ಮೆಂಬರ್ 48.’

ಆರ್.ಟಿ. ನಗರದ ನಮ್ಮ ಬಾಡಿಗೆ ಲೈಬ್ರರಿಯಲ್ಲಿ ಓದಿದವರೆಲ್ಲ ಹೀಗೆ ಕೊನೆಯ ಪುಟದಲ್ಲಿ ಅಭಿಪ್ರಾಯ ಗೀಚಿ, ಹೆಸರಿನ ಬದಲು ಮೆಂಬರ್ ನಂಬರ್ ಹಾಕುತ್ತಿದ್ದರು. ಆಗ ನಾನು ಒಂಬತ್ತನೇ ಕ್ಲಾಸು.

“ಅಯ್ಯೋ, ಇದು ನಾನು ಬರೆದಿದ್ದು!” ಎಂದು ಜೋರಾಗಿಯೇ ಅಂದುಬಿಟ್ಟೆ. ಲೈಬ್ರರಿ ಮುಚ್ಚಿದಾಗ ಕೊಂಡಿಟ್ಟಿದ್ದ ಪುಸ್ತಕಗಳನ್ನು ಅಂಗಡಿಗೆ ಹಾಕಲು ಬಂದಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು ತಟ್ಟನೆ ತಿರುಗಿದರು.

“ನಲವತ್ತೆಂಟು ನೀವೇನಾ? ನಿಮ್ಮನ್ನ ನಂಬ್ಕೊಂಡು ಇದನ್ನ ಒಬ್ಳೇ ಓದ್ದೆ ಕಣ್ರೀ. ಆಮೇಲೆ ಒಂದ್ ವಾರ ನಾನು ಸ್ನಾನ ಮಾಡ್ಬೇಕಾದ್ರೆ ಅಮ್ಮ ಬಚ್ಚಲ ಬಾಗ್ಲಲ್ಲೇ ನಿಂತಿರ್ಬೇಕಿತ್ತು!”

ಈಗ ಬ್ಲಾಗಿನಲ್ಲಿ ಹಳೆಯ, ಹೊಸ ದೆವ್ವದ ಕಥೆಗಳಿಗೆಲ್ಲ ವಿಮರ್ಶೆ ಬರೆಯುವ ನಾನು ನಿಜ ಒಪ್ಪಿಕೊಂಡೆ. ಅಂದು ಅರ್ಧ ಓದುವಷ್ಟರಲ್ಲೇ ಪುಸ್ತಕವನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ವಾಪಸ್ ಕೊಡುವ ದಿನವೇ ಹೊರಗೆ ತೆಗೆದಿದ್ದೆ. ಹೆದರಿದೆ ಎಂದು ಬರೆಯಲು ನಾಚಿಕೆಯಾಗಿತ್ತು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ತಗೊಳ್ಳಿ, ಈಗ್ಲಾದ್ರೂ ಪೂರ್ತಿ ಓದಿ” ಎಂದು ಪುಸ್ತಕವನ್ನು ನನ್ನ ಕೈಗೇ ಬಿಟ್ಟರು.

ಮನೆಗೆ ಬಂದು ಒಂದೇ ಪಟ್ಟಿಗೆ ಕೊನೆಯವರೆಗೂ ಓದಿದೆ. ಒಂಚೂರೂ ಹೆದರಿಕೆ ಆಗಲಿಲ್ಲ. ನಲವತ್ತೆಂಟು ಬರೆದ ಸುಳ್ಳು ಇಷ್ಟು ವರ್ಷಗಳ ಮೇಲೆ ನಿಜವಾಗಿಬಿಟ್ಟಿತ್ತು. ಅದಕ್ಕೇ ಅಳು ಬಂತು.